ಗಾಡಿ ನಾನೇ ಓಡಿಸ್ತಿದ್ದೆ, ಸ್ವಾಮಿ

‘ಒಪ್ಪಿಕೊಂಡು ಬಂದಾಗಿದೆಯಲ್ಲ, ಇನ್ನೆಂಥ ಅಪೀಲು?’ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದೆನೋ ಲೆಕ್ಕವಿಲ್ಲ. ದೊಡ್ಡಪ್ಪ ಕೇಳಿದರು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಕೇಳಿದರು. ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯವರೂ ಕಾಗದ ಜೋಡಿಸುತ್ತಾ ಕೇಳಿದರು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಜಡ್ಜ್ ಎದುರು ನಿಂತು ತಪ್ಪು ಒಪ್ಪಿಕೊಂಡವನು, ಶಿಕ್ಷೆ ಜಾಸ್ತಿ ಆಯಿತು ಅಂತ ಮಾತು ಬದಲಿಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಅದರಲ್ಲೂ ಒಂದು ಜೀವ ಹೋಗಿರುವಾಗ. ಆದರೆ ನನ್ನ ಚಿಕ್ಕಮ್ಮನ ಮಗ ಅವತ್ತು ನಿಜವಾಗಿ ಒಪ್ಪಿಕೊಂಡಿದ್ದು ಏನನ್ನು? ಯೋಚನೆ ಮಾಡಿದಷ್ಟೂ ನನ್ನನ್ನು ಕಾಡಿದ್ದು ಈ ಪ್ರಶ್ನೆ. ಇದಕ್ಕೆ ಉತ್ತರ ಸಿಗದೆ ಅಪೀಲು ಬೇಕೋ ಬೇಡವೋ ಅಂತ ತೀರ್ಮಾನ ಮಾಡಲು ಆಗುತ್ತಿರಲಿಲ್ಲ.

ಅವನು ಗೂಡ್ಸ್ ಗಾಡಿ ಓಡಿಸುತ್ತಾನೆ. ತರಕಾರಿ, ತೆಂಗಿನಕಾಯಿ, ಕೆಲವೊಮ್ಮೆ ಸಿಮೆಂಟು. ಒಂದು ಸಂಜೆ ಊರೊಳಗೆ ಹಾದುಹೋಗುವ ಹೆದ್ದಾರಿಯಲ್ಲಿ ಪಕ್ಕದ ದಾರಿಯಿಂದ ಒಂದು ಬೈಕು ಬಂತು. ಗಾಡಿಗೆ ತಾಗಿತು. ಬೈಕಿನವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಹಳೇ ಐಪಿಸಿಯ 279 (ಅಜಾಗರೂಕ ಚಾಲನೆ) ಮತ್ತು 304ಎ (ಅಜಾಗರೂಕತೆಯಿಂದ ಸಾವು) ಕೆಳಗೆ ಕೇಸಾಯಿತು. ಚಾರ್ಜ್‌ಶೀಟಿನಲ್ಲಿ ನಮ್ಮ ರಾಜ್ಯದ ಎಲ್ಲ ಅಪಘಾತದ ಕೇಸುಗಳಲ್ಲೂ ಇರುವ ಸಾಲು ಇತ್ತು: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಾಲನೆ ಮಾಡಿ’. ಅತಿವೇಗ ಅಂದರೆ ಎಷ್ಟು ವೇಗ, ಅಜಾಗರೂಕತೆ ಅಂದರೆ ಅವನು ಮಾಡಿದ್ದೇನು, ಮಾಡದೆ ಬಿಟ್ಟಿದ್ದೇನು? ಅದು ಆ ಸಾಲಿನಲ್ಲಿ ಇರಲಿಲ್ಲ.

ಒಂದು ನಿಮಿಷದ ಒಪ್ಪಿಗೆ

ಪ್ಲೀ ರೆಕಾರ್ಡ್ ಮಾಡುವ ದಿನ, ಅಂದರೆ ತಪ್ಪು ಒಪ್ಪುತ್ತೀಯಾ ಇಲ್ಲವಾ ಅಂತ ಕೋರ್ಟು ಕೇಳಿ ಬರೆದುಕೊಳ್ಳುವ ದಿನ, ನಾನೂ ಜೊತೆಗೆ ಹೋಗಿದ್ದೆ. ನಮ್ಮ ಕಡೆಯ ಒಂದು ತಾಲ್ಲೂಕು ಕೋರ್ಟು. ಕಾರಿಡಾರಿನಲ್ಲಿ ಕೂರಲು ಜಾಗ ಇರಲಿಲ್ಲ. ಚೆಕ್ ಬೌನ್ಸ್ ಕೇಸಿನವರು, ಜಮೀನಿನ ಜಗಳದವರು, ಮಗುವನ್ನು ಎತ್ತಿಕೊಂಡು ಜೀವನಾಂಶದ ತಾರೀಖಿಗೆ ಬಂದ ಹೆಣ್ಣುಮಕ್ಕಳು. ನಮ್ಮ ವಕೀಲರು ಬಂದವರೇ ಅವನನ್ನು ಕಂಬದ ಪಕ್ಕಕ್ಕೆ ಕರೆದರು. ‘ಇವತ್ತು ಒಪ್ಕೊಂಡ್ಬಿಡಪ್ಪ. ಎಪಿಪಿ, ಅಂದ್ರೆ ಸರ್ಕಾರಿ ವಕೀಲರ ಹತ್ರ ಮಾತಾಡಿದೀನಿ. ಫೈನ್ ಹಾಕಿ ಮುಗಿಸ್ತಾರೆ. ಇಲ್ಲಾಂದ್ರೆ ಸಾಕ್ಷಿ, ಗೀಕ್ಷಿ ಅಂತ ಇನ್ನೂ ನಾಲ್ಕು ವರ್ಷ ತಿರುಗ್ಬೇಕಾಗುತ್ತೆ’ ಎಂದರು. ಅವರ ದನಿಯಲ್ಲಿ ಮೋಸ ಇರಲಿಲ್ಲ. ದಿನಾ ಮಾಡುವ ಕೆಲಸದ ಅವಸರ ಇತ್ತು. ಒಂದು ತಾರೀಖು ಅಂದರೆ ಒಂದು ದಿನದ ಬಾಡಿಗೆ ಹೋದಂತೆ. ಗಾಡಿಯ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. ಅವನು ನನ್ನ ಮುಖ ನೋಡಿದ. ಆಮೇಲೆ ‘ಫೈನ್ ಎಷ್ಟಾಗ್ಬಹುದು ಸಾರ್?’ ಅಂತ ಮಾತ್ರ ಕೇಳಿದ.

ಹೆಸರು ಕೂಗಿದರು. ಒಳಗೆ ನಡೆದದ್ದು ಒಂದು ನಿಮಿಷವೂ ಹಿಡಿಯಲಿಲ್ಲ. ಮ್ಯಾಜಿಸ್ಟ್ರೇಟರು ಆಪಾದನೆಯನ್ನು ಓದಿ ಹೇಳಿದರು. ಒಪ್ಪಿಕೊಳ್ಳುತ್ತೀಯಾ ಅಂತ ಕೇಳಿದರು. ಅವನು ಕೈಕಟ್ಟಿ ನಿಂತು, ‘ಹೌದು ಸ್ವಾಮಿ, ಗಾಡಿ ನಾನೇ ಓಡಿಸ್ತಿದ್ದೆ’ ಎಂದ. ಪಕ್ಕದಲ್ಲಿದ್ದ ವಕೀಲರು ಕೂಡಲೇ ‘ಪ್ಲೀಡ್ಸ್ ಗಿಲ್ಟಿ, ಸರ್’ ಅಂತ ಸೇರಿಸಿದರು. ಮುಂದಿನ ಕೇಸು ಕೂಗಿ ಆಗಿತ್ತು. ಊಟದ ನಂತರ ಆದೇಶ ಬಂತು. 279ಕ್ಕೆ ದಂಡ. 304ಎಗೆ ಆರು ತಿಂಗಳ ಸಾದಾ ಸಜೆ.

ಅಪೀಲು ಹಾಕಲು ಅನುಕೂಲವಾಗಲಿ ಅಂತ ಅದೇ ಕೋರ್ಟು ಶಿಕ್ಷೆಯನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಟ್ಟು ಜಾಮೀನು ಕೊಟ್ಟಿತು. ಮೂರು ವರ್ಷ ಮೀರದ ಶಿಕ್ಷೆಗೆ ಆ ಅವಕಾಶ ಕಾನೂನಿನಲ್ಲೇ ಇದೆ. ಸೆಷನ್ಸ್ ಕೋರ್ಟಿಗೆ ಹೋಗಲು 30 ದಿನ. ಅಷ್ಟರಲ್ಲಿ ತೀರ್ಮಾನ ಆಗಬೇಕಿತ್ತು.

ಆ ಮ್ಯಾಜಿಸ್ಟ್ರೇಟರ ಮೇಲೆ ನನಗೆ ಸಿಟ್ಟಿಲ್ಲ. ರಸ್ತೆಯ ಸಾವುಗಳನ್ನು ಹಗುರವಾಗಿ ನೋಡಬೇಡಿ ಅಂತ ಸುಪ್ರೀಂ ಕೋರ್ಟು ಮತ್ತೆ ಮತ್ತೆ ಹೇಳುತ್ತಲೇ ಬಂದಿದೆ. 1987ರಲ್ಲಿ ವರದಿಯಾದ ಕರ್ನಾಟಕದ್ದೇ ಒಂದು ಕೇಸಿನಲ್ಲಿ 304ಎಗೆ ಹಾಕಿದ್ದ 250 ರೂಪಾಯಿ ದಂಡವನ್ನು ಕಂಡು ಅದು ಬೇಸರಪಟ್ಟು ಜೈಲು ಶಿಕ್ಷೆಗೆ ಏರಿಸಿತು. 2000ದ ದಲ್ಬೀರ್ ಸಿಂಗ್ ತೀರ್ಪಿನಲ್ಲಿ, ಇಂಥ ಚಾಲಕರಿಗೆ ಪ್ರೊಬೇಷನ್ನಿನ (ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡುವ) ರಿಯಾಯಿತಿ ಸುಲಭವಾಗಿ ಸಿಗಬಾರದು ಎಂದಿತು. 2015ರ ಪಂಜಾಬಿನ ಕೇಸಿನಲ್ಲಿ, ಹೈಕೋರ್ಟು 24 ದಿನಕ್ಕೆ ಇಳಿಸಿದ್ದ ಸಜೆಯನ್ನು ಆರು ತಿಂಗಳಿಗೆ ಏರಿಸಿತು. ಮ್ಯಾಜಿಸ್ಟ್ರೇಟರ ಮುಂದೆ ಇದ್ದದ್ದು ಈ ದಾರಿ. ಕಾರಿಡಾರಿನ ಕಂಬದ ಹತ್ತಿರ ಏನು ಮಾತಾಯಿತು ಅನ್ನುವುದು ಅವರಿಗೆ ಗೊತ್ತಿರಬೇಕಾಗಿಯೂ ಇಲ್ಲ.

ಕಂಬದ ಹತ್ತಿರದ ಒಪ್ಪಂದ

ನಮ್ಮ ದೇಶದಲ್ಲಿ ಪ್ಲೀ ಬಾರ್ಗೇನಿಂಗ್ ಇದೆ, ಅಂದರೆ ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆಗೆ ಕೋರ್ಟಿನ ಮೂಲಕವೇ ಒಪ್ಪಂದ ಮಾಡಿಕೊಳ್ಳುವ ದಾರಿ. ಕೋರ್ಟಿಗೆ ಹೋಗಿ ಬಂದವರಲ್ಲೂ ತುಂಬ ಜನಕ್ಕೆ ಇದು ಗೊತ್ತಿಲ್ಲ. ಅದರ ಹಿಂದೆ ನಮ್ಮವರೊಬ್ಬರ ಹೆಸರೂ ಇದೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠ ಅವರ ಸಮಿತಿ 2003ರಲ್ಲಿ ಕೊಟ್ಟ ವರದಿಯಲ್ಲಿ ಇದಕ್ಕೆ ಒತ್ತು ಕೊಟ್ಟಿತ್ತು. ಅದಕ್ಕೂ ಮೊದಲು ಕಾನೂನು ಆಯೋಗ 1991ರ ತನ್ನ 142ನೇ ವರದಿಯಲ್ಲಿ ಇದೇ ಮಾತು ಹೇಳಿತ್ತು. ಕೊನೆಗೆ 2006ರ ಜುಲೈ 5ರಿಂದ, ಕ್ರಿಮಿನಲ್ ಕೇಸು ನಡೆಸುವ ವಿಧಾನದ ಅಂದಿನ ಕಾನೂನಾದ ಸಿಆರ್‌ಪಿಸಿಯಲ್ಲಿ ಒಂದು ಹೊಸ ಅಧ್ಯಾಯವೇ ಜಾರಿಗೆ ಬಂತು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಿಗೆ ಅದು ಅನ್ವಯಿಸುತ್ತದೆ. ಹೆಂಗಸರ ಮೇಲಿನ, ಮಕ್ಕಳ ಮೇಲಿನ ಅಪರಾಧಗಳಿಗೆ ಇಲ್ಲ. 2024ರ ಜುಲೈನಿಂದ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್‌ನಲ್ಲೂ ಅದು ಮುಂದುವರಿದಿದೆ. ಈಗ ಆರೋಪ ಹೊರಿಸಿದ 30 ದಿನದೊಳಗೆ ಅರ್ಜಿ ಹಾಕಬೇಕು.

ಆ ದಾರಿಯಲ್ಲಿ ಹೋಗಿದ್ದರೆ ಏನಾಗುತ್ತಿತ್ತು? ಅವನೇ ಅರ್ಜಿ ಕೊಡಬೇಕಿತ್ತು. ಸ್ವಂತ ಇಷ್ಟದಿಂದ ಕೊಡುತ್ತಿದ್ದೇನೆ ಅಂತ ಅಫಿಡವಿಟ್ ಹಾಕಬೇಕಿತ್ತು. ಎದುರು ಪಕ್ಷದವರನ್ನು ಹೊರಗಿಟ್ಟು ಜಡ್ಜ್ ಅವನನ್ನು ಪ್ರತ್ಯೇಕವಾಗಿ ಕೂರಿಸಿ, ಯಾರಾದರೂ ಒತ್ತಾಯ ಮಾಡಿದರಾ ಅಂತ ಕೇಳಬೇಕಿತ್ತು. ಆಮೇಲೆ ಸರ್ಕಾರಿ ವಕೀಲರು, ತನಿಖಾಧಿಕಾರಿ, ಅವನು, ತೀರಿಕೊಂಡವರ ಮನೆಯವರು ಎಲ್ಲ ಕೂತು ಮಾತಾಡಬೇಕಿತ್ತು. ಆ ಮನೆಗೆ ಪರಿಹಾರ ಎಷ್ಟು ಅನ್ನುವುದು ಅಲ್ಲೇ ತೀರ್ಮಾನವಾಗುತ್ತಿತ್ತು. ಅರ್ಜಿಯಲ್ಲಿ ಅವನು ಹೇಳಿದ ಮಾತನ್ನು ಬೇರೆಲ್ಲೂ ಅವನ ವಿರುದ್ಧ ಬಳಸುವ ಹಾಗಿಲ್ಲ. ಶಿಕ್ಷೆ? ನಮ್ಮ ಕೇಸಿಗೆ ಅನ್ವಯಿಸುವ ಹಳೇ ಕಾನೂನಿನಲ್ಲಿ ಗರಿಷ್ಠ ಶಿಕ್ಷೆಯ ನಾಲ್ಕನೇ ಒಂದು ಭಾಗ ಕೊಡಬಹುದು. 304ಎಗೆ ಎರಡು ವರ್ಷ. ಅದರ ಕಾಲು ಭಾಗ ಅಂದರೆ ಆರು ತಿಂಗಳು!

ಈ ಲೆಕ್ಕ ಮನೆಯಲ್ಲಿ ಎಲ್ಲರನ್ನೂ ಸುಮ್ಮನಾಗಿಸಿತು. ದೊಡ್ಡಪ್ಪ ಅದನ್ನೇ ಹಿಡಿದುಕೊಂಡರು. ‘ಸರಿಯಾಗಿ ಹೋಗಿದ್ರೂ ಆರು ತಿಂಗ್ಳೇ ಆಗ್ತಿತ್ತಲ್ಲ. ಹೋಗಿ ಬರ್ಲಿ ಬಿಡು’ ಎಂದರು. ಅವರ ಮಾತಿನಲ್ಲಿ ತೂಕ ಇದೆ. ಆದರೆ ಆರು ತಿಂಗಳು ಅನ್ನುವ ಅಂಕಿ ಒಂದೇ ಆದ ಮಾತ್ರಕ್ಕೆ ಎರಡೂ ಒಂದೇ ಆಗುವುದಿಲ್ಲ. ಒಂದರಲ್ಲಿ ಅವನನ್ನು ಕೂರಿಸಿ ಕೇಳುತ್ತಾರೆ. ಇನ್ನೊಂದರಲ್ಲಿ ಅವನ ಮಾತು ಮುಗಿಯುವ ಮೊದಲೇ ಬೇರೆಯವರು ಉತ್ತರ ಕೊಟ್ಟಿರುತ್ತಾರೆ. ನಮ್ಮ ಕೋರ್ಟುಗಳಲ್ಲಿ ಮೊದಲನೆಯದರ ಬಳಕೆ ತೀರಾ ಕಮ್ಮಿ. ದಿನವೂ ನಡೆಯುವುದು ಎರಡನೆಯದು. ಬೆಳಿಗ್ಗೆ ಹತ್ತೂವರೆಗೆ ಯಾವುದಾದರೂ ಮ್ಯಾಜಿಸ್ಟ್ರೇಟ್ ಕೋರ್ಟಿನ ಕಾರಿಡಾರಿನಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ.

ಇನ್ನೊಂದು ವಿಚಾರ ನನ್ನನ್ನು ಇವತ್ತಿಗೂ ಯೋಚನೆಗೆ ಹಚ್ಚುತ್ತದೆ. ಕಾನೂನಿನ ಪ್ರಕಾರ ಪ್ಲೀ ಬಾರ್ಗೇನಿಂಗ್ ಆಗಿದ್ದರೆ ಆ ತೀರ್ಪೇ ಅಂತಿಮ. ಅಪೀಲಿಲ್ಲ. ಸಂವಿಧಾನದ 226, 227ನೇ ವಿಧಿಯಡಿ ಹೈಕೋರ್ಟಿಗೋ, 136ರಡಿ ಸುಪ್ರೀಂ ಕೋರ್ಟಿಗೋ ಹೋಗಬೇಕು, ಅಷ್ಟೇ. ಗೂಡ್ಸ್ ಗಾಡಿಯವನ ಪಾಲಿಗೆ ಅದು ಇಲ್ಲ ಅಂತಲೇ ಅರ್ಥ. ನಮ್ಮ ಕೇಸಿನಲ್ಲಿ ಅದು ಯಾವುದೂ ನಡೆದಿರಲಿಲ್ಲವಾದ್ದರಿಂದ ಸೆಷನ್ಸ್ ಕೋರ್ಟಿನ ಬಾಗಿಲು ಇನ್ನೂ ಸ್ವಲ್ಪ ತೆರೆದಿತ್ತು.

ಗೆದ್ದರೆ ಸಿಗುವುದೇನು

ಜಿಲ್ಲಾ ಕೇಂದ್ರದಲ್ಲಿ ಒಬ್ಬರು ಹಿರಿಯ ವಕೀಲೆ ಇದ್ದಾರೆ ಅಂತ ಪರಿಚಯದವರು ಹೇಳಿದರು. ಒಂದು ಸಂಜೆ ನಾನು, ಅವನು, ಚಿಕ್ಕಮ್ಮ ಮೂವರೂ ಹೋದೆವು. ಮನೆಯ ಮುಂದಿನ ಕೋಣೆಯೇ ಆಫೀಸು. ಅವರು ನಮ್ಮ ಕಥೆ ಕೇಳುವ ಮೊದಲು ಆರ್ಡರ್ ಶೀಟಿನ ನಕಲು ಕೇಳಿದರು. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಆಮೇಲೆ ಅವನ ಕಡೆ ತಿರುಗಿ, ‘ಅವತ್ತು ಜಡ್ಜ್ ಹತ್ರ ನೀನು ಏನಂದೆ? ವಕೀಲರು ಅಂದಿದ್ದು ಬೇಡ. ನಿನ್ನ ಬಾಯಲ್ಲಿ ಬಂದಿದ್ದು ಹೇಳು’ ಎಂದರು.

‘ಗಾಡಿ ನಾನೇ ಓಡಿಸ್ತಿದ್ದೆ ಅಂದೆ ಮೇಡಂ.’

‘ಸ್ಪೀಡಾಗಿ ಹೋಗ್ತಿದ್ದೆ ಅಂದ್ಯಾ?’

‘ಇಲ್ಲ ಮೇಡಂ. ಯಾರೂ ಕೇಳ್ಲಿಲ್ಲ.’

ಅವರು ಪೆನ್ನು ಕೆಳಗಿಟ್ಟರು. ಇಂಥ ಸಮನ್ಸ್ ಕೇಸುಗಳಲ್ಲಿ (ಎರಡು ವರ್ಷ ಮೀರದ ಶಿಕ್ಷೆಯ ಸಣ್ಣ ಕೇಸುಗಳಲ್ಲಿ) ಸಿಆರ್‌ಪಿಸಿಯ 252ನೇ ಕಲಮು ಒಂದು ಮಾತು ಹೇಳುತ್ತದೆ ಎಂದರು. ಆರೋಪಿ ಒಪ್ಪಿಕೊಂಡರೆ, ಸಾಧ್ಯವಾದಷ್ಟೂ ಅವನು ಆಡಿದ ಮಾತುಗಳಲ್ಲೇ ಅದನ್ನು ಬರೆದುಕೊಳ್ಳಬೇಕು. ಇದು ಸುಮ್ನೆ ಬರೆದ ನಿಯಮ ಅಲ್ಲ. 1973ಕ್ಕೂ ಹಿಂದಿನ ಸಂಹಿತೆಯ ಇದೇ ನಿಯಮದ ಬಗ್ಗೆ ಮಹಂತ್ ಕೌಶಲ್ಯ ದಾಸ್ ವಿರುದ್ಧ ಮದ್ರಾಸು ರಾಜ್ಯ ಅನ್ನುವ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದು ಕಡ್ಡಾಯ ಅಂದಿದೆ. ಅದು 1966ರ ಕಾನೂನು ವರದಿಗಳಲ್ಲಿದೆ. ನಮ್ಮ ಆರ್ಡರ್ ಶೀಟಿನಲ್ಲಿ ಅವನ ಮಾತು ಇರಲಿಲ್ಲ. ಓದಿ ಹೇಳಲಾಯಿತು, ತಪ್ಪು ಒಪ್ಪಿಕೊಂಡಿದ್ದಾನೆ, ಇಷ್ಟೇ. ಗಾಡಿ ಓಡಿಸುತ್ತಿದ್ದುದು ಅಪರಾಧವಲ್ಲ. ಅಜಾಗರೂಕತೆ ಅಪರಾಧ. ಅವನು ಒಪ್ಪಿಕೊಂಡಿದ್ದು ಮೊದಲನೆಯದನ್ನು. ಶಿಕ್ಷೆ ಆದದ್ದು ಎರಡನೆಯದಕ್ಕೆ.

ಫೈನ್ ಮಾತ್ರ ಅಂತ ಆಸೆ ತೋರಿಸಿದ್ದರ ಬಗ್ಗೆ ಚಿಕ್ಕಮ್ಮ ಜೋರಾಗಿ ಕೇಳಿದರು. ಅದಕ್ಕೂ ಒಂದು ತೀರ್ಪಿದೆ ಅಂತ ವಕೀಲೆ ಹೇಳಿದರು. ತಿಪ್ಪೇಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ, 1983ರ ವರದಿಗಳಲ್ಲಿ ಬಂದದ್ದು. ಅದೂ 304ಎ ಕೇಸೇ. ಕಡಿಮೆ ಶಿಕ್ಷೆಯ ಭರವಸೆ ನಂಬಿ ಆರೋಪಿ ತಪ್ಪೊಪ್ಪಿಕೊಂಡ. ಕೆಳಗಿನ ಕೋರ್ಟು ದಂಡ ಹಾಕಿ ಬಿಟ್ಟಿತು. ಮೇಲೆ ಹೋದಾಗ ಹೈಕೋರ್ಟು ಶಿಕ್ಷೆ ಏರಿಸಿತು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಇದನ್ನು ಒಪ್ಪಲಿಲ್ಲ. ಹಗುರವಾಗಿ ಬಿಡುತ್ತೇವೆ ಅಂತ ಒಪ್ಪಿಸಿ, ಆಮೇಲೆ ಶಿಕ್ಷೆ ಹೆಚ್ಚಿಸುವುದು ಜೀವ ಮತ್ತು ಸ್ವಾತಂತ್ರ್ಯದ ಹಕ್ಕು ಕೊಡುವ ಸಂವಿಧಾನದ 21ನೇ ವಿಧಿಗೇ ವಿರುದ್ಧ ಅಂತ ಹೇಳಿತು ಆ ತೀರ್ಪು. ಚಿಕ್ಕಮ್ಮನ ಮುಖ ಅರಳಿತು. ವಕೀಲೆ ಕೂಡಲೇ ತಡೆದರು. ‘ತಡೀರಿ ಅಮ್ಮ, ಪೂರ್ತಿ ಕೇಳಿ’ ಎಂದರು. ನಮ್ಮದು ಅದೇ ಅಚ್ಚಿನ ಕೇಸಲ್ಲ. ನಮ್ಮಲ್ಲಿ ಶಿಕ್ಷೆ ಜಾಸ್ತಿ ಕೊಟ್ಟದ್ದು ಮೊದಲ ಕೋರ್ಟೇ. ಭರವಸೆ ಕೊಟ್ಟದ್ದಕ್ಕೆ ಕಾಗದದಲ್ಲಿ ಒಂದು ಅಕ್ಷರವೂ ಇಲ್ಲ. ಹಳೇ ವಕೀಲರು ಹಾಗೆ ಹೇಳಿದೆ ಅಂತ ಬಂದು ಸಾಕ್ಷಿ ಹೇಳುವುದಿಲ್ಲ. ಅವರ ಮೇಲೆ ಹೊರೆ ಹಾಕಿ ಅಪೀಲು ಕಟ್ಟಿದರೆ ಅದು ನಿಲ್ಲುವುದಿಲ್ಲ. ದಾಖಲೆಯಲ್ಲಿ ಇಲ್ಲದ್ದನ್ನು ಬಿಟ್ಟು, ದಾಖಲೆಯಲ್ಲಿ ಇರಬೇಕಾಗಿದ್ದು ಇಲ್ಲ ಅನ್ನುವುದನ್ನೇ ಹಿಡಿಯೋಣ ಎಂದರು.

ಆಮೇಲೆ ಅವರು ಹೇಳಿದ್ದೇ ನನಗೆ ಮುಖ್ಯ ಅನಿಸಿದ್ದು. ತಿಪ್ಪೇಸ್ವಾಮಿ ತೀರ್ಪು ಇಂಥವರನ್ನು ಬಿಡುಗಡೆ ಮಾಡಿ ಅಂತ ಹೇಳುವುದಿಲ್ಲ. ತಪ್ಪೊಪ್ಪಿಗೆಯ ಮೇಲೆ ಆದ ಶಿಕ್ಷೆಯನ್ನು ತೆಗೆದುಹಾಕಿ, ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸು ಕಳಿಸಿ, ಅವನು ಬೇಕಿದ್ದರೆ ವಿಚಾರಣೆ ಎದುರಿಸಲಿ ಅಂತ ಹೇಳುತ್ತದೆ. ಅಂದರೆ ನಾವು ಗೆದ್ದರೆ ಸಿಗುವುದು ಕೇಸೇ. ಅದೇ ಕಾರಿಡಾರು, ಅದೇ ತಾರೀಖು, ಮಹಜರಿನ ಪಂಚರು, ಗಾಡಿ ಪರೀಕ್ಷೆ ಮಾಡಿದ ಮೋಟಾರು ವಾಹನ ನಿರೀಕ್ಷಕರು, ಸ್ಥಳದ ನಕ್ಷೆ. ಕೊನೆಗೆ ತಪ್ಪು ಸಾಬೀತಾದರೆ ಎರಡು ವರ್ಷದವರೆಗೂ ಶಿಕ್ಷೆ ಆಗಬಹುದು. ಅವನು ಹಾಕಿದ ಅಪೀಲಿನಲ್ಲೇ ಶಿಕ್ಷೆ ಏರಿಸುವ ಹಾಗಿಲ್ಲ, ನಿಜ. ಆದರೆ ಈ ಶಿಕ್ಷೆ ಸಾಲದು ಅಂತ ಸರ್ಕಾರ ಬೇರೆಯಾಗಿ ಅಪೀಲು ಹಾಕಬಹುದು. ಇನ್ನೊಂದು ತೊಡಕೂ ಇದೆ. ತಪ್ಪೊಪ್ಪಿಕೊಂಡವರು ಶಿಕ್ಷೆಯ ಪ್ರಮಾಣ, ಅದರ ಕಾನೂನುಬದ್ಧತೆಯ ಬಗ್ಗೆ ಮಾತ್ರ ಅಪೀಲು ಹಾಕಬಹುದು ಅಂತ 375ನೇ ಕಲಮು ಹೇಳುತ್ತದೆ. ಒಪ್ಪಿಗೆಯೇ ಸರಿಯಾಗಿ ಆಗಿಲ್ಲದಿದ್ದರೆ ಆ ತಡೆ ಅನ್ವಯಿಸುವುದಿಲ್ಲ ಅಂತ ನಾವು ವಾದ ಮಾಡಬೇಕು. ಸರ್ಕಾರಿ ವಕೀಲರು ಮೊದಲ ದಿನವೇ ಇದಕ್ಕೆ ಆಕ್ಷೇಪ ಹಾಕುತ್ತಾರೆ.

ಈ ಮಾತನ್ನು ಯಾವ ವಕೀಲರೂ ಮೊದಲ ಭೇಟಿಯಲ್ಲೇ ಹೇಳಬೇಕು. ಅಪೀಲು ಅಂದರೆ ನಮ್ಮ ಜನಕ್ಕೆ ಬಿಡುಗಡೆಯ ಅರ್ಜಿ. ಶಿಕ್ಷೆ ಕಮ್ಮಿ ಆಗಲಿ ಅನ್ನುವುದೊಂದೇ ಆಸೆಯಾದರೆ ಶಿಕ್ಷೆಯ ಪ್ರಮಾಣದ ಮೇಲೆ ಮಾತ್ರ ಅಪೀಲು ಹಾಕಬಹುದು. ಅದರಲ್ಲಿ ಅಪಾಯ ಕಮ್ಮಿ. ಒಪ್ಪಿಗೆಯನ್ನೇ ಪ್ರಶ್ನೆ ಮಾಡುವುದು ಬೇರೆ ನಿರ್ಧಾರ. ಮತ್ತೆ ಆರೋಪಿಯಾಗಿ ನಿಲ್ಲಲು ತಯಾರಿದ್ದವರು ಮಾತ್ರ ಅದನ್ನು ಮಾಡಬೇಕು.

ಚಿಕ್ಕಮ್ಮನಿಗೆ ಇನ್ನೊಂದು ಚಿಂತೆ ಇತ್ತು. ಸಾರಿಗೆ ಸಂಸ್ಥೆಯಲ್ಲಿ ಚಾಲಕನ ಕೆಲಸ ಸಿಗಬೇಕು ಅನ್ನುವುದು ಅವನ ಹಳೇ ಆಸೆ. ಪೊಲೀಸ್ ವೆರಿಫಿಕೇಷನ್ನಿನಲ್ಲಿ ಈ ಶಿಕ್ಷೆ ಬಂದೇ ಬರುತ್ತದೆ. ಒಪ್ಪಿಕೊಳ್ಳುವ ದಿನ ಇದರ ಬಗ್ಗೆ ಯಾರೂ ಅವನಿಗೆ ಒಂದು ಮಾತೂ ಹೇಳಿರಲಿಲ್ಲ. ಅಮೆರಿಕದಲ್ಲಿರುವ ಗೆಳತಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವಳು ಪಡಿಯಾ (Padilla) ಅನ್ನುವವರ ಕೇಸಿನ ಬಗ್ಗೆ ಹೇಳಿದಳು. 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ತಪ್ಪೊಪ್ಪಿಕೊಂಡರೆ ಗಡಿಪಾರಾಗುವ ಅಪಾಯ ಇದೆ ಅಂತ ಕಕ್ಷಿದಾರನಿಗೆ ತಿಳಿಸುವುದು ವಕೀಲರ ಕರ್ತವ್ಯ ಎಂದಿತು. ಅಲ್ಲಿ ಫೆಡರಲ್ ಶಿಕ್ಷೆಗಳಲ್ಲಿ ನೂರಕ್ಕೆ 97 ತಪ್ಪೊಪ್ಪಿಗೆಯಿಂದಲೇ ಆಗುವಂಥವು ಅಂತ 2012ರ ಇನ್ನೊಂದು ತೀರ್ಪು ಹೇಳುತ್ತದೆ. ವೀಸಾದ ಮೇಲೆ ಇರುವ ನಮ್ಮವರು ಅಲ್ಲಿ ಸಣ್ಣ ಕೇಸು ಅಂತ ಯಾವುದಕ್ಕೂ ಸಹಿ ಹಾಕುವ ಮೊದಲು ಇದನ್ನು ನೆನಪಿಟ್ಟುಕೊಳ್ಳಬೇಕು.

ಆ ಮನೆಯವರು

ತೀರಿಕೊಂಡವರಿಗೆ ಹೆಂಡತಿ, ಇಬ್ಬರು ಮಕ್ಕಳಿದ್ದಾರೆ. ಇಷ್ಟು ಹೊತ್ತು ನಾನು ನಮ್ಮ ಹುಡುಗನ ಬಗ್ಗೆಯೇ ಬರೆದಿದ್ದೇನೆ. ಆದರೆ ಅಪೀಲು ಬೇಕಾ ಅನ್ನುವ ಪ್ರಶ್ನೆ ನಮ್ಮ ಮನೆಯ ಒಳಗೇ ಮುಗಿಯುವುದಿಲ್ಲ. ಆ ಹೆಣ್ಣುಮಗಳು ಆದೇಶದ ದಿನ ಕೋರ್ಟಿಗೆ ಬಂದಿರಲಿಲ್ಲ. ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಕಂಬದ ಹತ್ತಿರದ ಒಪ್ಪಂದದಲ್ಲಿ ಅವರಿಗೆ ಜಾಗವೇ ಇಲ್ಲ. ಕಾನೂನಿನ ದಾರಿಯಲ್ಲಿ ಹೋಗಿದ್ದರೆ ಅವರೂ ಬಂದು ಕೂತು ತಮ್ಮ ಮಾತು ಹೇಳುತ್ತಿದ್ದರು. ಈ ಅವಸರದ ಒಪ್ಪಿಗೆಯಿಂದ ಅವರಿಗೂ ಅನ್ಯಾಯವಾಗಿದೆ ಅಂತ ನಾನು ನಂಬುತ್ತೇನೆ. ತಮ್ಮ ಗಂಡ ಹೇಗೆ ಸತ್ತರು ಅನ್ನುವುದಕ್ಕೆ ಅವರಿಗೆ ಸಿಕ್ಕ ಉತ್ತರ ಚಾರ್ಜ್‌ಶೀಟಿನ ಅದೇ ಸಾಲು.

ಅವರ ಪರಿಹಾರದ ಅರ್ಜಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿದೆ. ನಮ್ಮ ಅಪೀಲಿನಿಂದ ಅದಕ್ಕೆ ಪೆಟ್ಟು ಬೀಳುತ್ತದಾ ಅಂತ ನಾನು ವಕೀಲೆಯನ್ನು ಎರಡೆರಡು ಸಲ ಕೇಳಿದೆ. ನ್ಯಾಯಮಂಡಳಿ ತನ್ನ ಮುಂದಿರುವ ಸಾಕ್ಷ್ಯದ ಮೇಲೆ ಪ್ರತ್ಯೇಕವಾಗಿ ತೀರ್ಮಾನ ಮಾಡುತ್ತದೆ. ಅಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಾಗಿಲ್ಲ. ಗಾಡಿಗೆ ಇನ್ಶೂರೆನ್ಸ್ ಇದೆ. ಇದು ಗೊತ್ತಾದ ಮೇಲೆ ನನಗೆ ಸ್ವಲ್ಪ ಸಮಾಧಾನ ಆಯಿತು. ಪೂರ್ತಿ ಅಲ್ಲ. ವಿಚಾರಣೆ ಮತ್ತೆ ಶುರುವಾದರೆ ಆಕೆ ಕಟಕಟೆಗೆ ಬರಬೇಕಾಗಬಹುದು. ಆ ನೋವಿಗೆ ನಮ್ಮ ಅಪೀಲೂ ಒಂದು ಕಾರಣ ಆಗುತ್ತದೆ.

ಕೊನೆಗೆ ಅವನನ್ನೇ ಕೇಳಿದೆವು. ಅಲ್ಲಿಯವರೆಗೆ ಮಾತಾಡಿದ್ದೆಲ್ಲ ನಾವೇ. ‘ಅಕ್ಕ, ಆರು ತಿಂಗಳು ಹೋಗು ಅಂದ್ರೆ ಹೋಗ್ತೀನಿ. ಆ ಮನುಷ್ಯ ಸತ್ತಿದ್ದು ನನ್ನ ಗಾಡಿಗೇ. ಅದನ್ನ ನಾನು ಯಾವತ್ತೂ ಇಲ್ಲ ಅನ್ನಲ್ಲ. ಆದ್ರೆ ಅತಿವೇಗ ಅಂತ ಬರ್ದಿದಾರಲ್ಲ, ಅದನ್ನ ನಾನು ಹೇಳಿಲ್ಲ’ ಎಂದ. ‘ಮತ್ತೆ ಕೇಸು ನಡೆದು ಎರಡು ವರ್ಷ ಆದರೆ?’ ಅಂತ ದೊಡ್ಡಪ್ಪ ಕೇಳಿದರು. ‘ನಡೀಲಿ. ಎಲ್ಲ ಕೇಳಿ ಆಮೇಲೆ ಹಾಕ್ಲಿ’ ಎಂದ.

ನನಗೂ ಅದೇ ಸರಿ ಅನಿಸಿತು. ಜೈಲು ತಪ್ಪಿಸಿಕೊಳ್ಳಲು ಮಾತ್ರ ಅವನು ಅಪೀಲು ಕೇಳಿದ್ದರೆ, ಶಿಕ್ಷೆಯ ಪ್ರಮಾಣದ ಮೇಲೆ ಮಾತ್ರ ಹಾಕು ಅಂತಲೇ ಹೇಳುತ್ತಿದ್ದೆ. ಅವನು ಕೇಳಿದ್ದು ವಿಚಾರಣೆಯನ್ನು. ಅದು ಅವನಿಗೆ ಸಿಗಲೇಬೇಕಿತ್ತು.

ಅಪೀಲು 30 ದಿನದ ಒಳಗೇ ಸೆಷನ್ಸ್ ಕೋರ್ಟಿಗೆ ಹೋಯಿತು. ಮೊದಲ ಕೋರಿಕೆ, ತಪ್ಪೊಪ್ಪಿಗೆ ಮತ್ತು ಶಿಕ್ಷೆಯನ್ನು ರದ್ದು ಮಾಡಿ ವಿಚಾರಣೆಗೆ ವಾಪಸು ಕಳಿಸಬೇಕು ಅನ್ನುವುದು. ಅದು ಆಗದಿದ್ದರೆ ಶಿಕ್ಷೆ ಕಡಿಮೆ ಮಾಡಬೇಕು ಅನ್ನುವುದು ಎರಡನೆಯದು. ಎರಡನೆಯದು ಬೇಡ ಅಂತ ಅವನು ಹಟ ಮಾಡಿದ. ವಕೀಲೆ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಮನೆಯಲ್ಲಿ ಸಣ್ಣ ಮಗು ಇದೆ. ಕೊನೆಗೆ ಸಹಿ ಹಾಕಿದ. ಶಿಕ್ಷೆಯ ಅಮಾನತು ಮುಂದುವರಿದಿದೆ. 375ನೇ ಕಲಮಿನ ಆಕ್ಷೇಪ ವಕೀಲೆ ಹೇಳಿದಂತೆ ಮೊದಲ ದಿನವೇ ಬಂತು. ಕೆಳಗಿನ ಕೋರ್ಟಿನ ಕಡತ ಬಂದ ಮೇಲೆ ಅದರ ಮೇಲೆಯೇ ವಾದ ಶುರುವಾಗಬೇಕು.